ಮಲ್ಲಯ್ಯನ ಅತ್ತೆ

ಕೊಟ್ರಮ್ಮ ದೊಡ್ಡವ್ವ ವರ್ಷ ತಪ್ಪದೆ ಯುಗಾದಿ ಹೊತ್ತಿಗೆ ಶ್ರೀಶೈಲಕ್ಕೆ ಹೋಗಿಬರುತ್ತಿದ್ದಳು. ಆದರೆ ಒಂದು ಸಲವೂ ಮಲ್ಲಿಕಾರ್ಜುನನ ದರ್ಶನ ಮಾಡಿದವಳಲ್ಲ. ಕಣ್ಣಿನ ದೋಷ ಅಂದುಕೊಳ್ಳಬೇಡಿ. ಕಡೆತನಕ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸಿದ ಕಣ್ಣುಗಳು ಅವು. ಬೆಳಗಿನಿಂದ ಸಾಲಿನಲ್ಲಿ ನಿಂತು, ಬೆವರಿ, ತುಳಿಸಿಕೊಂಡು, ಕೊನೆಗೆ ಗರ್ಭಗುಡಿಯ ಎದುರು ಬಂದಕೂಡಲೇ ದೊಡ್ಡವ್ವ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು, ಮುಖವನ್ನು ಕಂಬದ ಕಡೆ ತಿರುಗಿಸಿ, ಹಾಗೇ ಅಡ್ಡಡ್ಡ ಸರಿದು ಹೊರಗೆ ಹೋಗಿಬಿಡುತ್ತಿದ್ದಳು. ಯಾಕೆ ಅಂತ ಕೇಳಿದರೆ, ಓದಿದವಳಿಗೆ ಇಷ್ಟೂ ಗೊತ್ತಿಲ್ಲವಲ್ಲ ಎನ್ನುವ ಹಾಗೆ ನನ್ನನ್ನು ನೋಡುತ್ತಿದ್ದಳು. "ಅಳಿಯ ಅದಾನವ್ವ. ಅಳಿಯನ ಮುಂದ ಅತ್ತಿ ಮುಖ ಎತ್ತಿ ನಿಲ್ತಾಳೇನು?"

ಶ್ರೀಶೈಲದ ಭ್ರಮರಾಂಬೆ ನಮ್ಮ ಸೀಮೆಯ ಹೆಣ್ಣು, ಆದ್ದರಿಂದ ಮಲ್ಲಯ್ಯ ನಮ್ಮ ಅಳಿಯ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಯುಗಾದಿ ಬಂತೆಂದರೆ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎನ್ನದೆ ಊರೂರಿನಿಂದ ಜನ ತವರಿನ ಸೀರೆ, ಕುಪ್ಪಸ, ಅರಿಸಿನ ಕುಂಕುಮ ಕಟ್ಟಿಕೊಂಡು ಆ ಬೆಟ್ಟಕ್ಕೆ ಹೊರಡುತ್ತಾರೆ. ಹೋಗಿ ಕೈಮುಗಿದು ಬರುತ್ತಾರೆ, ಅಲ್ಲಿಗೆ ಮುಗಿಯಿತು. ಊರೆಲ್ಲ ಬಾಯಿಮಾತಿಗೆ ಹೇಳುವ ಈ ನೆಂಟಸ್ತಿಕೆಯನ್ನು ದೊಡ್ಡವ್ವ ಒಬ್ಬಳು ಮಾತ್ರ ವರ್ಷವಿಡೀ ನಡೆಸಿಕೊಂಡು ಬಂದಳು.

ಕೊಟ್ಟೂರಿನಲ್ಲಿ ನಮ್ಮದೂ ಅವಳದೂ ಒಂದೇ ಗೋಡೆ. ಗಂಡ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದವನು, ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದ. ಅವಳು ಪಡಸಾಲೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಓಣಿಯ ಹೆಂಗಸರಿಗೆ ಜಂಪರ್ ಹೊಲಿದುಕೊಡುತ್ತಿದ್ದಳು. ಮಿಷನ್ನಿನ ಸದ್ದನ್ನು ಮೀರಿಸಿ ಮಾತಾಡಿ ಮಾತಾಡಿ ಅವಳ ಗಂಟಲು ಎಂಥ ಗಂಟಲಾಗಿತ್ತೆಂದರೆ, ಅವಳು ನಮ್ಮವ್ವನ ಹತ್ತಿರ ಸಾರಿಗೆ ಕರಿಬೇವು ಕೇಳಿದರೆ ಎದುರು ಓಣಿಯವರು ತಂದುಕೊಡುತ್ತಿದ್ದರು. ಮಕ್ಕಳಿರಲಿಲ್ಲ. ಹೊಸದಾಗಿ ಓಣಿಗೆ ಬಂದವರು ಯಾರಾದರೂ ಅಯ್ಯೋ ಪಾಪ, ಮಕ್ಕಳಿಲ್ಲವೇ ಎಂದು ಮುಖ ಸಣ್ಣ ಮಾಡಿದರೆ ಅವಳಿಗೆ ಸಿಟ್ಟು ಬರುತ್ತಿತ್ತು.

"ಯಾರಂದ್ರು ನಿಮಗ? ಮಗಳದಾಳ. ದೂರ ಕೊಟ್ಟೀವಿ" ಎನ್ನುತ್ತಿದ್ದಳು.

ದೂರ ಕೊಟ್ಟದ್ದೊಂದೇ ಅವಳ ಕೊರಗಲ್ಲ. ಕೊಟ್ಟ ಮೇಲೆ ಮಗಳು ಒಮ್ಮೆಯೂ ಪಂಚಮಿಗೆ ತವರಿಗೆ ಬಂದಿಲ್ಲವಲ್ಲ ಎನ್ನುವುದು ನಿಜವಾದ ಕೊರಗು. ಶ್ರಾವಣದ ಪಂಚಮಿಗೆ ನಮ್ಮ ಓಣಿಯ ಎಲ್ಲ ಹೆಣ್ಣುಮಕ್ಕಳೂ ಬರುತ್ತಾರೆ. ಜೋಕಾಲಿ ಕಟ್ಟುತ್ತಾರೆ, ಉಂಡಿ ಹಂಚುತ್ತಾರೆ, ಗಂಡನ ಮನೆಯ ಸುದ್ದಿಯನ್ನೆಲ್ಲ ಸೋಸಿ ಸೋಸಿ ಹೇಳುತ್ತಾರೆ. ದೊಡ್ಡವ್ವನೂ ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ಮಾಡಿ, ಒಂದು ತಟ್ಟೆಗೆ ಹಾಕಿ, ಮೇಲೊಂದು ಬಟ್ಟೆ ಮುಚ್ಚಿ ಬಾಗಿಲ ಪಕ್ಕ ಇಡುತ್ತಿದ್ದಳು. ಸಂಜೆಗೆ ಯಾರಾದರೂ ಮಗಳು ಬರಲಿಲ್ಲವೇ ಎಂದು ಕೆಣಕಿದರೆ ಅವಳ ಹತ್ತಿರ ಉತ್ತರ ಸಿದ್ಧವಿರುತ್ತಿತ್ತು. ಶ್ರಾವಣದಲ್ಲಿ ಅಳಿಯನ ಮನೆಗೆ ಜನ ಬಹಳ, ಬಂದವರಿಗೆಲ್ಲ ನೋಡಿ ಮಾಡುವವರು ಬೇಡವೇ, ಹೆಂಡತಿಯನ್ನು ಹೇಗೆ ಕಳಿಸುತ್ತಾನೆ ಎನ್ನುತ್ತಿದ್ದಳು. ಇದನ್ನು ಸುಳ್ಳು ಎನ್ನಲು ನನಗೂ ಬಾಯಿ ಬರುತ್ತಿರಲಿಲ್ಲ.

ಹೋದಾಗ ನೀನೇ ಅವನನ್ನು ಕೇಳಬಾರದೇ ಎಂದು ನಾನು ಒಮ್ಮೆ ಅಂದೆ. ಅವಳು ಮಿಷನ್ ನಿಲ್ಲಿಸಿ ನನಗೆ ತಿಳಿಹೇಳಿದಳು. ಅತ್ತೆಯಾದವಳು ಅಳಿಯನನ್ನು ನೇರ ಕೇಳುವಂತಿಲ್ಲ. ಮಗಳನ್ನು ತವರಿಗೆ ಕಳಿಸು ಎಂದು ಕೇಳಲು ಗಂಡು ಬೇಕು. ಅಪ್ಪ ಹೋಗಬೇಕು, ಇಲ್ಲವೇ ಅಣ್ಣತಮ್ಮ ಹೋಗಬೇಕು. ಅಪ್ಪ ತೀರಿಹೋಗಿದ್ದಾನೆ, ಅಣ್ಣತಮ್ಮ ಹುಟ್ಟಲೇ ಇಲ್ಲ. "ಕರಿಯಾಕ ಹೋಗೋರ ಇಲ್ಲಂದ ಮ್ಯಾಲ ಆಕಿ ಹೆಂಗ ಬರ್ತಾಳ? ಕರೀದ ಬರಾಕ ಆಕಿಗೇನು ಮಾನ ಇಲ್ಲೇನು?" ಎಂದವಳೇ ಮತ್ತೆ ಮಿಷನ್ ತುಳಿಯತೊಡಗಿದಳು.

ನಾನು ಮೊದಲ ಸಲ ಅವಳ ಜೊತೆ ಶ್ರೀಶೈಲಕ್ಕೆ ಹೋದದ್ದು ಬಿ.ಎಡ್. ಪರೀಕ್ಷೆ ಬರೆದ ವರ್ಷ. ಹುಸೇನಣ್ಣನ ಕ್ರೂಸರ್ ಗಾಡಿ, ಓಣಿಯ ಹೆಂಗಸರು, ಖಡಕ್ ರೊಟ್ಟಿಯ ಗಂಟು, ಮಾದಲಿ ತುಂಬಿದ ಡಬ್ಬಿ. ಹುಸೇನಣ್ಣ ಕೊಟ್ಟೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಗಾಡಿ ರಿಪೇರಿ ಅಂಗಡಿ ಇಟ್ಟವನು. ಯುಗಾದಿ ಬಂದರೆ ಅಂಗಡಿಯನ್ನು ತಮ್ಮನಿಗೆ ಬಿಟ್ಟು ದೊಡ್ಡವ್ವನನ್ನು ಅಳಿಯನ ಮನೆಗೆ ಮುಟ್ಟಿಸುತ್ತಿದ್ದ. ದಾರಿಯುದ್ದಕ್ಕೂ ಇಬ್ಬರಿಗೂ ಜಟಾಪಟಿ. ನಲ್ಲಮಲದ ಕಾಡಿನ ಒಂದು ಕೆಟ್ಟ ತಿರುವಿನಲ್ಲಿ ಅವನು ಸ್ಟೇರಿಂಗ್ ಎಳೆದೆಳೆದು ಸಾಕಾಗಿ, "ದೊಡ್ಡಮ್ಮ, ನಿಮ್ಮ ಅಳಿಯಾರಿಗೆ ಹೇಳಿ ಈ ತಿರುವಿಗೆ ಒಂದು ಗ್ವಾಡಿನಾರ ಕಟ್ಟಸ್ರಿ" ಎಂದ. ಅಳಿಯನಿಗೆ ತಾನು ಏನನ್ನೂ ಹೇಳುವುದಿಲ್ಲ, ಮಗಳ ಕಿವಿಗೆ ಹಾಕುತ್ತೇನೆ ಎಂದಳು ದೊಡ್ಡವ್ವ. ಮುಂದಿನ ವರ್ಷ ಹೋದಾಗ ಅಲ್ಲಿ ಮೊಣಕಾಲೆತ್ತರದ ತಡೆಗೋಡೆ ಎದ್ದಿತ್ತು. ಅವತ್ತಿನಿಂದ ಹುಸೇನಣ್ಣ ಕೆಣಕುವುದನ್ನು ಸ್ವಲ್ಪ ಕಡಿಮೆ ಮಾಡಿದ.

ಬೆಟ್ಟದ ನೆತ್ತಿಯಲ್ಲಿ ಶಿಖರೇಶ್ವರ ಎಂಬ ಜಾಗವಿದೆ. ಅಲ್ಲಿಂದ ನಂದಿಯ ಕೊಂಬುಗಳ ನಡುವೆ ನೋಡಿದರೆ ದೂರದಲ್ಲಿ ಮಲ್ಲಯ್ಯನ ಗುಡಿಯ ಶಿಖರ ಕಾಣುತ್ತದೆ, ಕಂಡವರಿಗೆ ಮರುಜನ್ಮವಿಲ್ಲ. ಎಲ್ಲರೂ ನೂಕಾಡಿಕೊಂಡು ಕೊಂಬಿಗೆ ಕಣ್ಣು ಹಚ್ಚುತ್ತಿದ್ದರೆ ದೊಡ್ಡವ್ವ ಗಾಡಿ ಬಿಟ್ಟು ಇಳಿಯಲೇ ಇಲ್ಲ. ಅಳಿಯನ ಮಾಳಿಗೆ ಇಣುಕಿ ನೋಡುವುದು ಮರ್ಯಾದೆಯಲ್ಲ ಎಂದು ಒಂದು ಕಾರಣ. ಇನ್ನೊಂದನ್ನು ನನಗೆ ಮಾತ್ರ ಹೇಳಿದಳು. "ನನಗ ಮತ್ತ ಹುಟ್ಟೂದು ಐತಿ. ಹುಟ್ಟಲಿಲ್ಲಂದ್ರ ಮಗಳಿಗೆ ಸೀರಿ ಯಾರು ಒಯ್ತಾರ?"

ಅಲ್ಲಿಂದ ಮುಂದೆ ಅವಳು ಬೇರೆಯೇ ಹೆಂಗಸು. ತಲೆ ಮೇಲಿನ ಸೆರಗಿಗೆ ಪಿನ್ ಬಿತ್ತು. ಕರಿಬೇವಿನ ಗಂಟಲು ಪಿಸುದನಿಯಾಯಿತು. ದಾರಿಯಲ್ಲಿ ಸಾಕ್ಷಿ ಗಣಪತಿಯ ಗುಡಿ ಸಿಗುತ್ತದೆ. ಯಾತ್ರೆಗೆ ಬಂದವರ ಹೆಸರನ್ನೆಲ್ಲ ಆ ಗಣಪ ಬರೆದಿಡುತ್ತಾನಂತೆ. ಎಲ್ಲರೂ ತಮ್ಮ ತಮ್ಮ ಹೆಸರು, ಊರು ಹೇಳಿಕೊಂಡರೆ ದೊಡ್ಡವ್ವ ಒಂದು ಕರ್ಜಿಕಾಯಿ ಇಟ್ಟು ಸುಮ್ಮನೆ ಬಂದಳು. ಮೊಮ್ಮಗನಿಗೆ ಅಜ್ಜಿಯ ಹೆಸರು ಹೇಳಿಕೊಡಬೇಕೇ ಎಂದಳು. ಊಟದ ವಿಷಯದಲ್ಲೂ ಹೀಗೆಯೇ. ದೇವಸ್ಥಾನದ ಪ್ರಸಾದವನ್ನು ಒಂದು ಹೊತ್ತು ಮಾತ್ರ ಉಂಡಳು, ಆಮೇಲೆ ಕಟ್ಟೆ ಮೇಲೆ ಕೂತು ರೊಟ್ಟಿ ಬಿಚ್ಚಿದಳು. "ಬೀಗರ ಮನಿಯಾಗ ಒಂದು ಹೊತ್ತು ಉಂಡ್ರ ಮರ್ಯಾದಿ. ಎರಡನೇ ಹೊತ್ತಿಗೆ ಎಲಿ ನೋಡ್ತಾರ, ಮೂರನೇ ಹೊತ್ತಿಗೆ ಮುಖ ನೋಡ್ತಾರ."

ಸಾಲು ಗರ್ಭಗುಡಿಯ ಎದುರು ಬಂತು. ದೊಡ್ಡವ್ವ ಕಂಬದ ಕಡೆ ತಿರುಗಿದಳು. ಸಾಲು ನೋಡಿಕೊಳ್ಳಲು ನಿಂತಿದ್ದ ಹುಡುಗನಿಗೆ ಪಾಪ, ಈ ಮುದುಕಿಗೆ ದಿಕ್ಕು ತಪ್ಪಿದೆ ಅನ್ನಿಸಿರಬೇಕು. "ಅಮ್ಮಾ, ಸ್ವಾಮಿ ಇಟು, ಇಟು ಚೂಡಂಡಿ" ಎಂದು ಅವಳ ಭುಜ ಹಿಡಿದು ಮೆಲ್ಲಗೆ ತಿರುಗಿಸಿದ. ಅವಳು ಮತ್ತೆ ಕಂಬಕ್ಕೆ ತಿರುಗಿದಳು. ಅವನು ಮತ್ತೆ ತಿರುಗಿಸಿದ. ಹಿಂದೆ ಸಾಲು ಗದ್ದಲ ಮಾಡತೊಡಗಿತು. ಆಗ ದೊಡ್ಡವ್ವ ತನಗೆ ಬರುವ ತೆಲುಗನ್ನೆಲ್ಲ ಒಟ್ಟು ಮಾಡಿ, ಸೆರಗಿನೊಳಗಿನಿಂದಲೇ "ಅಲ್ಲುಡು, ಬಾಬೂ, ಅಲ್ಲುಡು" ಎಂದಳು. ಅಳಿಯ ಕಣಪ್ಪ, ಅಳಿಯ. ಬಾಗಿಲ ಬಳಿ ಇದ್ದ ಮುದಿ ಅರ್ಚಕರಿಗೆ ಅದು ಕೇಳಿಸಿತು. ಅವರು ನಗಲಿಲ್ಲ. ಹೆಗಲ ಮೇಲಿನ ಉತ್ತರೀಯ ತೆಗೆದು, ಎರಡೂ ಕೈಯಲ್ಲಿ ಪರದೆಯ ಹಾಗೆ ಅಗಲಿಸಿ ಹಿಡಿದು, ದೊಡ್ಡವ್ವನಿಗೂ ಮಲ್ಲಯ್ಯನಿಗೂ ನಡುವೆ ನಿಂತರು. ಪರದೆಯ ಈಚೆಯಿಂದ ದೊಡ್ಡವ್ವ ರಾಣಿಯ ಹಾಗೆ ನಡೆದು ಹೋದಳು. ವಿಜ್ಞಾನ ಓದಿದ ನನಗೆ ಅವತ್ತು ನಗು ತಡೆಯಲಾಗಲಿಲ್ಲ. ಆದರೆ ಆ ಉತ್ತರೀಯ ಇಳಿಯುವವರೆಗೆ ನಾನೂ ಆ ಕಡೆ ನೋಡಲಿಲ್ಲ ಎನ್ನುವುದೂ ನಿಜ.

ಹಿಂದಿನ ಮೆಟ್ಟಿಲು ಹತ್ತಿ ಭ್ರಮರಾಂಬೆಯ ಗುಡಿಗೆ ಬಂದರೆ ಸೆರಗು ಹಿಂದಕ್ಕೆ ಜಾರಿತು, ಗಂಟಲು ಮರಳಿ ಬಂತು. ಸೀರೆ, ತಾನೇ ಹೊಲಿದ ಕುಪ್ಪಸ, ಕೊಬ್ಬರಿ ಬಟ್ಟಲು, ಉತ್ತತ್ತಿ ಎಲ್ಲ ಒಪ್ಪಿಸಿ, ಸೊರಗಿದ ಹಾಗೆ ಕಾಣುತ್ತೀಯಲ್ಲೇ ಎಂದು ಶುರು ಮಾಡಿ, ಓಣಿಯಲ್ಲಿ ಯಾರು ಹಡೆದರು, ಯಾರು ಮನೆ ಕಟ್ಟಿಸಿದರು, ಯಾರ ಸೊಸೆ ಯಾರ ಮೇಲೆ ಮುನಿಸಿಕೊಂಡಳು ಎಲ್ಲ ಹೇಳಿದಳು. ಜರಗಂಡಿ, ಜರಗಂಡಿ ಎಂದು ಸಾಲು ಸರಿಸುವವರು ಕೂಗಿದರು. "ಸರೀತೀನಪ್ಪ, ತಾಯಿ ಮಗಳು ಮಾತಾಡಾಕತ್ತೀವಿ" ಎಂದು ಅವರಿಗೇ ಹೇಳಿದಳು.

ಆಮೇಲೆ ನನಗೆ ಹಗರಿಬೊಮ್ಮನಹಳ್ಳಿಯ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು, ಅಲ್ಲೇ ಮದುವೆಯೂ ಆಯಿತು. ದೊಡ್ಡವ್ವನ ಮೊಣಕಾಲು ಒಂದೊಂದಾಗಿ ಕೈಕೊಟ್ಟವು. ಮಿಷನ್ನಿಗೆ ಮೋಟಾರು ಹಾಕಿಸಿಕೊಂಡು ಹೊಲಿಗೆ ಉಳಿಸಿಕೊಂಡಳು. ಬೆಟ್ಟಕ್ಕೆ ಮೋಟಾರು ಎಲ್ಲಿಂದ ತರುವುದು? ಒಂದು ಚೈತ್ರಕ್ಕೆ ಮುಂಚೆ ನನಗೆ ಫೋನ್ ಮಾಡಿ ಕರೆಸಿಕೊಂಡಳು. ಹೋದಕೂಡಲೇ ಟೇಪು ಹಿಡಿದು ನನ್ನ ಅಳತೆ ತೆಗೆದಳು. ಯಾಕೆ ಎಂದರೆ, ಅಕ್ಕತಂಗಿಯರಿಗೆ ಒಂದೇ ಅಳತೆ ಎಂದಳು. ಆಮೇಲೆ ಟೇಪಿನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ, ನೀನು ದಪ್ಪಗಾಗಿದ್ದೀ, ಅವಳಿಗೆ ಬೆಟ್ಟ ಹತ್ತಿ ಇಳಿಯುವ ಮನೆ, ಅಷ್ಟು ಆಗಿರಲಿಕ್ಕಿಲ್ಲ ಎಂದು ತೋಳಿನಲ್ಲಿ ಒಂದಿಷ್ಟು ಕಡಿಮೆ ಮಾಡಿಕೊಂಡಳು.

ಅಸಲು ಮಾತು ಆಮೇಲೆ ಬಂತು. "ಸುಮಿ, ನೀ ನನಗ ದೊಡ್ಡವ್ವ ಅಂತೀಯಿಲ್ಲ?"

ಹೌದು ಎಂದೆ.

"ಹಂಗಾದ್ರ ಆಕಿ ನಿನಗ ಅಕ್ಕ. ಅಕ್ಕನ ಗಂಡ ಏನಾಗ್ತಾನ? ಭಾವ. ಭಾವನ ಮುಂದ ನಾದಿನಿ ಸೆರಗು ಹಾಕೂದು ಬ್ಯಾಡ. ಎದುರಿಗೆ ನಿಂತು ಜಗಳ ಬೇಕಾದ್ರೂ ಆಡಬಹುದು. ಗಂಡುಮಗ ಇಲ್ಲಂದ್ರ ಏನಾತು, ಈಗಿನ ಕಾಲಕ್ಕ ತಂಗಿ ಹೋಗಿ ಕರದ್ರ ನಡೀತೈತಿ. ಪಂಚಮಿಗೆ ಅಕ್ಕನ್ನ ಕಳಸು ಅಂತ ನೀ ಕೇಳಿ ಬಾ."

ಇಷ್ಟು ವರ್ಷ ಇದು ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ಅವಳ ಮೇಲೆಯೇ ಸಿಟ್ಟು. ಒಂಬತ್ತನೆಯ ತರಗತಿಗೆ ಬಲ ಮತ್ತು ಚಲನೆ ಪಾಠ ಮಾಡುವವಳು ನಾನು. ಆದರೆ ದೊಡ್ಡವ್ವ ಹೇಳಿದ ಮೇಲೆ ಒಲ್ಲೆ ಎನ್ನುವವರು ಆ ಓಣಿಯಲ್ಲಿ ಯಾರೂ ಹುಟ್ಟಿರಲಿಲ್ಲ.

ಹೋದೆ. ಸಾಲಿನಲ್ಲಿ ನಿಂತಾಗ ಏನೇನೋ ಚೆಂದದ ಮಾತು ಜೋಡಿಸಿಕೊಂಡಿದ್ದೆ. ಎದುರಿಗೆ ಬಂದಾಗ ಎಲ್ಲ ಹಾರಿಹೋಯಿತು. ಆದರೂ ಬೆನ್ನ ಹಿಂದೆ ದೊಡ್ಡವ್ವನೇ ನಿಂತು ತಿವಿದ ಹಾಗಾಗಿ, "ಭಾವಾ, ಪಂಚಮಿಗೆ ಅಕ್ಕನ್ನ ಕಳಸು" ಎಂದೆ. ಸ್ವಲ್ಪ ಗಟ್ಟಿಯಾಗಿಯೇ ಅಂದಿರಬೇಕು. ಬಾಗಿಲ ಬಳಿ ಅದೇ ಮುದಿ ಅರ್ಚಕರಿದ್ದರು. ನನ್ನ ಕೈಗೆ ಹೂವು ಹಾಕುತ್ತಾ, "ಸರೇನಮ್ಮಾ" ಎಂದರು.

ಊರಿಗೆ ಬಂದು ಇದನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಸರಿ ಅಂದದ್ದು ದೇವರಲ್ಲ, ಅರ್ಚಕರು ಎಂದು ಎರಡು ಸಲ ಒತ್ತಿ ಹೇಳಿದೆ. ದೊಡ್ಡವ್ವನಿಗೆ ಅದು ಕೇಳಲಿಲ್ಲ. ಗಂಡನ ಕಡೆಯ ಹಿರಿಯರು ಎಲ್ಲರ ಎದುರು ಒಪ್ಪಿದ ಮೇಲೆ ಇನ್ನೇನು? ಅಂದಿನಿಂದ ಮನೆಗೆ ಸುಣ್ಣ ಬಂತು. ಬಾಗಿಲಿಗೆ ಬಣ್ಣ ಬಂತು. ಹುಸೇನಣ್ಣನ ಕೈಯಲ್ಲಿ ಜೋಕಾಲಿಯ ಕೊಂಡಿಗೆ ಎಣ್ಣೆ ಹಾಕಿಸಿದಳು. ಮತ್ತೊಂದು ಕುಪ್ಪಸ ಹೊಲಿದಿಟ್ಟಳು. ಮಗಳು ಬರುತ್ತಾಳೆ ಎಂದು ಕಂಡಕಂಡವರಿಗೆಲ್ಲ ಹೇಳಿದಳು. ಎಲ್ಲರೂ ನನ್ನ ಮುಖ ನೋಡುವವರೇ. ನಾನು ಹೋಗಿ ಹೇಳಬಾರದಿತ್ತು, ಹೇಳಿದರೂ ಬಂದು ಸರೇ ಅಂದರು ಎನ್ನಬಾರದಿತ್ತು. ಜೀವಮಾನವೆಲ್ಲ ಕಾದ ಮುದುಕಿ ಆ ತಟ್ಟೆಯ ಮುಂದೆ ಸಂಜೆಯವರೆಗೆ ಕೂತಿದ್ದರೆ ನಾನು ಯಾವ ಮುಖ ಹೊತ್ತು ಎದುರಿಗೆ ಹೋಗಲಿ ಎಂದು ನನಗೆ ಶ್ರಾವಣ ಹತ್ತಿರ ಬಂದಷ್ಟೂ ಊಟ ಸೇರದಾಯಿತು.

ಪಂಚಮಿಯ ದಿನ ಬಸ್ಸು ಸಿಗದೆ ಕೊಟ್ಟೂರು ಮುಟ್ಟಿದಾಗ ಮಧ್ಯಾಹ್ನ ಮೀರಿತ್ತು. ತವರಿನ ಬಾಗಿಲು ದಾಟಿ ಮೊದಲು ಪಕ್ಕದ ಮನೆಗೇ ಹೋದೆ. ದೊಡ್ಡವ್ವ ಹೊಸ ಸೀರೆ ಉಟ್ಟು, ಗೋಡೆಗೆ ಒರಗಿ, ಕಾಲು ಚಾಚಿ ಕೂತಿದ್ದಳು. ತಟ್ಟೆಯ ಮೇಲಿನ ಬಟ್ಟೆ ತೆಗೆದಿತ್ತು. ತಟ್ಟೆಯಲ್ಲಿ ಉಂಡಿಯ ಪುಡಿ ಮಾತ್ರ ಇತ್ತು.

"ತಡ ಮಾಡಿದಿ ನೋಡು. ನಿಮ್ಮಕ್ಕ ಬಂದು ಹೋದ್ಲು" ಎಂದಳು.

ನಾನು ಹೊಸ್ತಿಲಲ್ಲೇ ಕೂತೆ. ಅವಳು ಎಲ್ಲ ಹೇಳಿದಳು. ನಡುಮಧ್ಯಾಹ್ನ, ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸೊಬ್ಬಳು ತಲೆ ಮೇಲೆ ಬುಟ್ಟಿ ಹೊತ್ತು ಬಾಗಿಲಿಗೆ ಬಂದು ನೀರು ಕೇಳಿದಳಂತೆ. ಮಾತೆಲ್ಲ ತೆಲುಗು. ಎಲ್ಲಿಂದ ಬಂದೆ ಎಂದರೆ ಬೆಟ್ಟದ ಕಡೆ ಕೈ ತೋರಿಸಿದಳಂತೆ. ನಮ್ಮ ಊರಿಂದ ಯಾವ ಕಡೆ ಕೈ ತೋರಿಸಿದರೂ ಒಂದು ಗುಡ್ಡ ಇದ್ದೇ ಇರುತ್ತದೆ, ಆ ಮಾತು ಬೇರೆ. ದೊಡ್ಡವ್ವ ಅವಳನ್ನು ಒಳಗೆ ಕರೆದು, ಕಾಲಿಗೆ ನೀರು ಕೊಟ್ಟು, ಉಂಡಿ ತಿನ್ನಿಸಿ, ಜೋಕಾಲಿಯ ಮೇಲೆ ಕೂರಿಸಿ, ಉಡಿ ತುಂಬಿ, ಹೊಲಿದಿಟ್ಟ ಕುಪ್ಪಸ ಕೊಟ್ಟು ಕಳಿಸಿದ್ದಳು. ಕುಪ್ಪಸ ಅಲ್ಲೇ ತೊಟ್ಟು ನೋಡಿದಳಂತೆ, ತೋಳು ಸರಿಯಾಗಿ ಕೂತಿತಂತೆ. ಹೋಗುವಾಗ ಒಂದು ಸಣ್ಣ ಸ್ಟೀಲ್ ಲೋಟವನ್ನು ಹೊಸ್ತಿಲ ಮೇಲಿಟ್ಟು ಹೋಗಿದ್ದಳು. ದೊಡ್ಡವ್ವ ಆ ಲೋಟವನ್ನು ನನ್ನ ಕೈಗೆ ಕೊಟ್ಟಳು.

ನನ್ನ ಮುಖದಲ್ಲಿ ಏನೋ ಕಂಡಿರಬೇಕು. ದೊಡ್ಡವ್ವ ತನ್ನ ಜೀವಮಾನದಲ್ಲಿ ಕೊಟ್ಟೂರಿನೊಳಗೆ ಪಿಸುಮಾತಾಡಿದ್ದು ಅದೊಂದೇ ಸಲ.

"ನನಗೇನು ಹುಚ್ಚು ಹಿಡದಿಲ್ಲವ್ವ. ಆಕಿ ಪಾತ್ರಿ ಮಾರಾಕಿ ಅಂತ ನನಗ ಗೊತ್ತೈತಿ. ಆದ್ರ ಪಂಚಮಿ ದಿನ ಬಂದ್ಲು, ಬಾಗಲಾಗ ನಿಂತು ಅಮ್ಮಾ ಅಂದ್ಲು, ಕೊಟ್ಟಿದ್ದೆಲ್ಲ ತಿಂದ್ಲು. ಮಗಳು ಬಂದ್ರ ಇದಕ್ಕಿಂತ ಹೆಚ್ಚಿಗಿ ಏನು ಮಾಡ್ತಾಳ?"

ಅವಳು ಗಂಟಲು ಸರಿಮಾಡಿಕೊಂಡು, ಭಾಷೆ ಮಾತ್ರ ಪೂರಾ ಅಳಿಯನ ಮನೆಯದಾಗಿಬಿಟ್ಟಿದೆ ನೋಡು, ದೂರ ಕೊಟ್ಟರೆ ಹೀಗೇ ಎಂದು ಓಣಿಗೆಲ್ಲ ಕೇಳುವ ಹಾಗೆ ಅಂದಳು. ನಾವಿಬ್ಬರೂ ನಕ್ಕೆವು. ನನ್ನ ಪಾಲಿನ ಉಂಡಿಯನ್ನು ಬೇರೆ ತೆಗೆದಿಟ್ಟಿದ್ದಳು.

ಆ ಚಳಿಗಾಲದಲ್ಲಿ ಸಣ್ಣ ಜ್ವರ ಬಂದು ದೊಡ್ಡವ್ವ ಹೋದಳು. ಅಂಗಳದಲ್ಲಿ ಜನ ಸೇರಿ, ಯಾರ್‍ಯಾರಿಗೆ ಹೇಳಿ ಕಳಿಸಬೇಕು ಎಂದು ಮಾತಾಡುತ್ತಿದ್ದಾಗ, ಗೇಟಿನ ಹತ್ತಿರ ನಿಂತಿದ್ದ ಹುಸೇನಣ್ಣ ಮುಖ ಒರೆಸಿಕೊಂಡು, "ಮೊದಲು ಮಗಳಿಗೆ ಹೇಳಬೇಕಲ್ರಿ" ಎಂದ. ಯಾರೂ ನಗಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ಹೊಲಿಗೆ ಮಿಷನ್ನಿನ ಖಾನೆಯಲ್ಲಿ ಮುಂದಿನ ಯುಗಾದಿಯ ಕುಪ್ಪಸ ಆಗಲೇ ಹೊಲಿದು ಮಡಿಸಿಟ್ಟಿತ್ತು. ಅದನ್ನು ನಾನು ತಂದುಕೊಂಡೆ. ಅವಳ ಗಂಡನ ಕಡೆಯವರು ಬಂದು ಮನೆಗೆ ಕೀಲಿ ಹಾಕಿದರು.

ಯುಗಾದಿಗೆ ಹುಸೇನಣ್ಣನ ಗಾಡಿಯಲ್ಲೇ ಹೋದೆ. ಆ ತಿರುವಿನ ತಡೆಗೋಡೆ ಬಂದಾಗ ಅವನು ಗಾಡಿ ನಿಧಾನ ಮಾಡಿದ. ಶಿಖರೇಶ್ವರದಲ್ಲಿ ನಾನೂ ಗಾಡಿ ಬಿಟ್ಟು ಇಳಿಯಲಿಲ್ಲ. ಮಲ್ಲಯ್ಯನ ಎದುರು ಬಂದಾಗ ಮುದಿ ಅರ್ಚಕರು ನನ್ನ ಹಿಂದೆ ಮುಂದೆ ಕಣ್ಣಾಡಿಸಿದರು. ಯಾರನ್ನು ಹುಡುಕುತ್ತಿದ್ದಾರೆ ಎಂದು ನನಗೆ ತಿಳಿಯಿತು. ಭಾವಾ, ಕೊಟ್ಟ ಮಾತು ನೀನು ಉಳಿಸಿಕೊಂಡೆ ಎಂದಷ್ಟೇ ಹೇಳಿ, ಕೈಮುಗಿದು, ಹಿಂದಿನ ಮೆಟ್ಟಿಲು ಹತ್ತಿದೆ.

ಸೀರೆ ಕುಪ್ಪಸ ಒಪ್ಪಿಸಿದೆ. ಅರಿಸಿನ ಕುಂಕುಮದ ನಡುವೆ ಆ ಮುಖ ನನ್ನನ್ನೇ ನೋಡುತ್ತಿತ್ತು. ಸೊರಗಿದ ಹಾಗೆ ಕಾಣುತ್ತೀ ಎಂದು ದೊಡ್ಡವ್ವನ ಹಾಗೇ ಶುರು ಮಾಡಿದೆ. ಹಿಂದಿನವರು ತಳ್ಳುತ್ತಿದ್ದರು. ಜರಗಂಡಿ, ಜರಗಂಡಿ ಎಂದು ಕೂಗು ಬಂತು. ಎರಡೂ ಕೈಯಿಂದ ಕಟಾಂಜನದ ಕಂಬಿ ಹಿಡಿದುಕೊಂಡು ನಿಂತೆ.

"ಅಕ್ಕಾ, ಅವ್ವ ಹೋದ್ಲು" ಎಂದೆ. "ಪಂಚಮಿಗೆ ಕೊಟ್ಟೂರಿಗೆ ಹೋಗಬ್ಯಾಡ, ಅಲ್ಲಿ ಕೀಲಿ ಹಾಕೈತಿ. ಹಗರಿಬೊಮ್ಮನಹಳ್ಳಿಗೆ ಬಾ. ಬಸ್‌ಸ್ಟ್ಯಾಂಡ್ ಹಿಂದಿನ ಓಣಿ, ನೀಲಿ ಗೇಟಿನ ಮನಿ."